ಹಸಿರಿಗೆ ಒಂದು ಗಂಟು, ಹೊನ್ನಿಗೆ ಎರಡು

ಫೋನಿನಲ್ಲಿ ಕಾಣುವ ಬಣ್ಣವನ್ನು ನಂಬಬೇಡಿ ಎಂದು ನನ್ನ ಹೆಂಡತಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಹಿರಿಯೂರಿನಿಂದ ಮಾರಿಕಣಿವೆ ಅಣೆಕಟ್ಟಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಟೈಲರ್ ಅಂಗಡಿ. ನಾನು ಬಟ್ಟೆ ಕತ್ತರಿಸುವವನು, ಅವಳು ಹೊಲಿಯುವವಳು. ಅದರ ಜೊತೆಗೆ ಸೀರೆ ಸೆರಗಿಗೆ ರೇಷ್ಮೆ ಕುಚ್ಚು ಕಟ್ಟುವುದರಲ್ಲಿ ಅವಳದು ಪಳಗಿದ ಕೈ. ಹೆಣ್ಣುಮಕ್ಕಳು ಫೋನು ಹಿಡಿದುಕೊಂಡು ಬಂದು, "ಅಕ್ಕಾ, ಇದೇ ಬಣ್ಣದ ಕುಚ್ಚು ಕಟ್ಟಿಕೊಡ್ರಿ" ಎಂದರೆ ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಸೀರೆ ತರ್ರಿ. ಬಿಸಿಲಿಗೆ ಹಿಡಿದು ನೋಡಾಣ."

ಸೀರೆ ಬಂದ ಮೇಲೆ ದಾರದ ಉಂಡೆಗಳನ್ನು ಮಡಿಲಲ್ಲಿ ಹಾಕಿಕೊಂಡು ರಸ್ತೆಗೆ ಇಳಿಯುತ್ತಿದ್ದಳು. ಒಂದೆಳೆಯನ್ನು ಸೀರೆಯ ಮೇಲೆ ಹಾಸಿ, ತಲೆ ವಾರೆ ಮಾಡಿ ನೋಡಿ, ಸರಿ ಎನಿಸಿದರೆ ಆ ಎಳೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ ಪಕ್ಕಕ್ಕೆ ಉಗಿಯುತ್ತಿದ್ದಳು. ಇದು ಎಲ್ಲ ಟೈಲರುಗಳಿಗೂ ಇರುವ ಚಟ, ನನಗೂ ಇದೆ. ಕೈಯಲ್ಲಿ ಕತ್ತರಿಯೇ ಇರಲಿ, ದಾರಕ್ಕೆ ಮಾತ್ರ ಹಲ್ಲೇ ಬೇಕು.

ಈ ಬಿಸಿಲಿನ ಪರೀಕ್ಷೆಗೆ ನಾನು ಯಾವತ್ತೂ ಇಳಿಯುತ್ತಿರಲಿಲ್ಲ. ನನ್ನ ಕಣ್ಣಿಗೆ ಕೆಲವು ಬಣ್ಣ ಹತ್ತುವುದಿಲ್ಲ. ಚಿಕ್ಕವನಿದ್ದಾಗ ಮೆಣಸಿನಕಾಯಿ ಹೊಲಕ್ಕೆ ಕಳಿಸಿ, ಹಣ್ಣಾದದ್ದನ್ನಷ್ಟೇ ಬಿಡಿಸಿಕೊಂಡು ಬಾ ಎಂದರೆ ಹಸಿಯದನ್ನೂ ಹಣ್ಣನ್ನೂ ಕಲಸಿ ತಂದು ಬೈಸಿಕೊಳ್ಳುತ್ತಿದ್ದೆ. ಹಸಿರು ಮತ್ತು ಕೆಂಪು, ಗಿಳಿಹಸಿರು ಮತ್ತು ಹೊನ್ನಿನ ಬಣ್ಣ, ಇವೆಲ್ಲ ನನಗೆ ಒಂದೇ ಮಣ್ಣಿನಿಂದ ಮಾಡಿದವು. ನೀಲಿಯೊಂದು ಮಾತ್ರ ಚೆನ್ನಾಗಿ ಕಾಣುತ್ತದೆ. ಇಂಥವನು ಟೈಲರ್ ಆದದ್ದು ಹೇಗೆ ಎಂದರೆ, ಅಳತೆ ಮತ್ತು ಕತ್ತರಿಗೆ ಬಣ್ಣದ ಹಂಗಿಲ್ಲ. ಉಳಿದದ್ದನ್ನು ಮದುವೆಯಾದ ಹೊಸತರಲ್ಲೇ ಅವಳು ಕಂಡುಹಿಡಿದು, ಯಾರಿಗೂ ಹೇಳದೆ ಸರಿ ಮಾಡಿಕೊಂಡಳು. ಕುಚ್ಚಿನ ರೇಷ್ಮೆಯನ್ನು ಲಡಿಯಿಂದ ಬಿಚ್ಚಿ ಅವಳೇ ಉಂಡೆ ಸುತ್ತುತ್ತಿದ್ದಳಲ್ಲ, ಅದಕ್ಕೆ ಕಂಪನಿಯ ನಂಬರಿನ ಚೀಟಿ ಇರುವುದಿಲ್ಲ. ಆದ್ದರಿಂದ ಎಳೆಯ ತುದಿಗೆ ಗಂಟು ಹಾಕಿಡುತ್ತಿದ್ದಳು. ಹಸಿರಿಗೆ ಒಂದು, ಹೊನ್ನಿಗೆ ಎರಡು, ಕೆಂಪಿಗೆ ಮೂರು. ತುದಿ ಕಚ್ಚಿ ಉಗಿದ ಕೂಡಲೇ ಹೊಸ ಗಂಟು ಹಾಕಿಯೇ ಡಬ್ಬಿಯಲ್ಲಿ ಇಡುತ್ತಿದ್ದಳು. ಅವಳು ಅಂಗಡಿಯಲ್ಲಿ ಇಲ್ಲದಾಗ ನಾನು ಡಬ್ಬಿಯೊಳಗೆ ಕೈಬಿಟ್ಟು, ಬೆರಳಲ್ಲಿ ಗಂಟು ತಡವಿ, ದೊಡ್ಡ ಬಣ್ಣಗಾರನ ಹಾಗೆ ದಾರ ತೆಗೆದುಕೊಡುತ್ತಿದ್ದೆ.

ಮೀನಿನ ಹುಚ್ಚು ನಮ್ಮ ಅಂಗಡಿಗೆ ಬಂದದ್ದು ಒಂದು ಹರಿದ ಜಿಪ್ಪಿನಿಂದ. ಚಿತ್ರದುರ್ಗದಲ್ಲಿ ಬ್ಯಾಂಕ್ ಮ್ಯಾನೇಜರಾಗಿದ್ದ ಕರಾವಳಿ ಕಡೆಯವರೊಬ್ಬರು ರಜೆಯ ದಿನ ಮಾರಿಕಣಿವೆಗೆ ಹೋಗುತ್ತಿದ್ದವರು, ಕಾರು ನಿಲ್ಲಿಸಿ ಒಂದು ಉದ್ದನೆಯ ಚೀಲ ತಂದು ಟೇಬಲ್ ಮೇಲಿಟ್ಟರು. ಒಳಗೆ ನಾಲ್ಕು ತುಂಡಾಗಿ ಬಿಚ್ಚಿಟ್ಟ ಕೋಲು. ಅದು ಗಾಳ ಎಂದಾಗ ನನಗೆ ನಗು ಬಂತು. ನಮ್ಮ ಕಡೆ ಗಾಳವೆಂದರೆ ಬಿದಿರು ಕಡ್ಡಿ, ಎರೆಹುಳ, ಬೆಂಡು. ಬೆಂಡು ಮುಳುಗಿದರೆ ಮೇಲಕ್ಕೆತ್ತುವುದು, ಅಷ್ಟೇ.

"ಇದರಲ್ಲಿ ಹುಳ ಇಲ್ಲ ಮಾರಾಯ್ರೆ," ಎಂದರು ಅವರು. "ಕೂದಲು, ಗರಿ, ದಾರ ಸುತ್ತಿ ಹುಳದ ಹಾಗೆ, ಸಣ್ಣ ಮೀನಿನ ಹಾಗೆ ಮಾಡುವುದು. ಫ್ಲೈ ಅಂತಾರೆ. ಅದಕ್ಕೆ ಭಾರವೇ ಇಲ್ಲ. ಹಾಗಾಗಿ ದಾರವನ್ನೇ ದಪ್ಪ ಮಾಡಿ, ಅದನ್ನು ಬೀಸಿ ಎಸೆಯಬೇಕು."

ನಾನು ಜಿಪ್ಪು ಹಾಕುತ್ತಿರುವಾಗ ಅವರು ನನ್ನ ಹೆಂಡತಿಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ನಡುಸಮುದ್ರ, ಒಂದು ದೋಣಿ. ಇಂಥದೇ ಕೋಲು ಹಿಡಿದ ಒಬ್ಬ ಮನುಷ್ಯ. ನೀರು ಒಡೆದು ಒಂದು ಮೀನು ಮೇಲಕ್ಕೆ ಹಾರಿತು. ಅದರ ಹೆಸರು ಡೊರಾಡೊ, ಹಾಗೆಂದರೆ ಚಿನ್ನದ್ದು ಎಂದರ್ಥವಂತೆ, ನಮ್ಮ ಕರಾವಳಿಯಲ್ಲಿ ಒಂದೊಂದು ಬಂದರಿನಲ್ಲಿ ಒಂದೊಂದು ಹೆಸರಂತೆ. ಮಳೆಗಾಲ ಕಳೆದ ಮೇಲೆ ದಡದಿಂದ ಬಹಳ ದೂರದಲ್ಲಿ, ತೇಲುವ ಕಸಕಡ್ಡಿಯ ನೆರಳಲ್ಲಿ ಇರುತ್ತದಂತೆ. ಸತ್ತ ಗಳಿಗೆಯಲ್ಲೇ ಬಣ್ಣವೆಲ್ಲ ಹೋಗಿ ಬೂದಿಯಾಗುತ್ತದಂತೆ, ಮಾರ್ಕೆಟ್ಟಿನಲ್ಲಿ ನೋಡಿದವರಿಗೆ ಅದರ ನಿಜವಾದ ಬಣ್ಣ ಗೊತ್ತೇ ಇಲ್ಲವಂತೆ.

ಫೋನಿನ ಬಣ್ಣವನ್ನು ಕಣ್ಣೆತ್ತಿಯೂ ನೋಡದ ನನ್ನ ಹೆಂಡತಿ ಆವತ್ತು ಆ ವಿಡಿಯೊವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಆಮೇಲೆ ಮೂತಿ ತಿರುವಿದಳು.

"ಇದೆಲ್ಲ ಸುಳ್ಳು ಬಿಡ್ರಿ ಸಾರ್. ಇಂಥ ಬಣ್ಣ ಜೀವ ಇರೋದಕ್ಕೆ ಎಲ್ಲೈತೆ? ಫೋನ್ನಾಗೆ ಹಚ್ಚಿರೋದು."

"ಇಲ್ಲಮ್ಮ, ಉಂಟು. ನಾನು ಕಣ್ಣಾರೆ ನೋಡಿದ್ದೇನೆ."

"ಬಿಸಿಲಿಗೆ ಹಿಡಿದು ನೋಡಿದ್ರಾ?"

ಮ್ಯಾನೇಜರು ಫೋನನ್ನು ನನ್ನ ಕಡೆಗೆ ತಿರುಗಿಸಿದರು. ಆ ವಿಡಿಯೊದಲ್ಲಿ ನನಗೆ ಕಂಡದ್ದು ನೀಲಿ ರೆಕ್ಕೆಯ ಒಂದು ಮಣ್ಣುಬಣ್ಣದ ಮೀನು.

ಅಲ್ಲಿಂದ ಶುರುವಾಯಿತು. ಅವಳಿಗೆ ಆ ಬಣ್ಣ ನಿಜವೋ ಸುಳ್ಳೋ ತಿಳಿಯಲೇಬೇಕು. ಊಟಕ್ಕೆ ಕೂತಾಗ, ಗುಂಡಿ ಹೊಲಿಯುವಾಗ ಅದೇ ಮಾತು. ಒಂದು ದಿನ ಡಬ್ಬಿ ಮುಂದಿಟ್ಟುಕೊಂಡು, ನೆನಪಿನಿಂದಲೇ ಮೂರು ಉಂಡೆ ಆರಿಸಿದಳು. ಬೆನ್ನಿನ ಪಕ್ಕಕ್ಕೆ ಗಿಳಿಹಸಿರು, ಹೊಟ್ಟೆಗೆ ಹೊನ್ನು, ರೆಕ್ಕೆಗೆ ನೀಲಿ. "ಪ್ರಪಂಚದಾಗೆ ಇರೋ ಬಣ್ಣ ಎಲ್ಲ ಈ ಡಬ್ಬೀಲಿ ಅವೆ. ಆ ಮೀನು ನಿಜವಾದ್ರೆ ಈ ಮೂರರಾಗೇ ಇರ್ಬೇಕು," ಎಂದಳು. ಅವಳ ಗರ್ವ ನನಗೆ ಬಹಳ ಇಷ್ಟವಾಗುತ್ತಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮ್ಯಾನೇಜರು ತಮ್ಮ ಹಳೆಯ ಕೋಲೊಂದನ್ನು ನನಗೆ ಕೊಟ್ಟರು. ಸಮುದ್ರದ ಗಾಳಿಗೆ ತಡೆಯುವ ಗಟ್ಟಿ ಕೋಲು. ಮಾರಿಕಣಿವೆಯ ಹಿನ್ನೀರು ಹೊಸದುರ್ಗದ ಕಡೆಗೆ ಚಾಚಿಕೊಂಡಿರುವಲ್ಲಿ, ಭಾನುವಾರ ಬೆಳಿಗ್ಗೆ ಪಾಠ. ಗಾಳ ಕಟ್ಟಿರಲಿಲ್ಲ, ದಾರದ ತುದಿಗೆ ಒಂದು ಚೂರು ಉಣ್ಣೆ ಅಷ್ಟೇ. ನಾವು ಕುರಿ ಕಾಯುವವರ ಮನೆಯವರು. ಸಜ್ಜೆ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿಯೇ ನನ್ನ ತೋಳು ಬೆಳೆದದ್ದು. ಕವಣೆಯಲ್ಲಿ ತೋಳು ನಿಲ್ಲಬಾರದು, ಕಲ್ಲಿನ ಜೊತೆಗೇ ಹೋಗಬೇಕು. ಈ ಕೋಲಿನಲ್ಲಿ ಅದೇ ತಪ್ಪು. ಕೋಲನ್ನು ಹಿಂದಕ್ಕೆ ಬೀಸಿ ಕಿವಿಯ ಹತ್ತಿರ ಗಕ್ಕನೆ ನಿಲ್ಲಿಸಬೇಕು, ದಾರವೆಲ್ಲ ಹಿಂದೆ ಬಿಚ್ಚಿಕೊಳ್ಳುವ ತನಕ ಕಾಯಬೇಕು, ಮುಂದಕ್ಕೆ ಬೀಸಿ ಮತ್ತೆ ಗಕ್ಕನೆ ನಿಲ್ಲಿಸಬೇಕು. ನಿಲ್ಲಿಸಿದರೆ ಮಾತ್ರ ದಾರ ಹೋಗುತ್ತದೆ. ನಾನು ನಿಲ್ಲಿಸದೆ ಕವಣೆ ಬೀಸಿದಂತೆ ಬೀಸಿ, ದಾರವನ್ನೆಲ್ಲ ನನ್ನ ತಲೆಗೇ ಸುತ್ತಿಕೊಳ್ಳುತ್ತಿದ್ದೆ. ಕುರಿ ಮೇಯಿಸುತ್ತಿದ್ದವರು ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದರು. ಒಬ್ಬ, "ಏನಪ್ಪ, ಹಗ್ಗ ಹೊಸೀತಿದೀಯೋ?" ಎಂದು ಕೇಳಿದ. ಮೈಯೆಲ್ಲ ಉರಿದುಹೋಯಿತು.

ಜಾಲಿ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಅವಳೇ ಕೊನೆಗೆ ದಾರಿ ಹೇಳಿದಳು. "ಅಂಗಿ ತೋಳು ಕೊಯ್ವಾಗ ಕತ್ತರಿ ಗುರುತಿಗೆ ಬಂದ ತಕ್ಷಣ ನಿಲ್ಸ್ತೀರಲ್ಲ, ಹಂಗೆ ನಿಲ್ಸ್ರಿ. ಒಂದು ನೂಲು ಮುಂದೆ ಹೋದ್ರೂ ಬಟ್ಟೆ ಹಾಳು ಅಂದ್ಕಳ್ರಿ." ನನ್ನ ಕೈಗೆ ಅದು ಅರ್ಥವಾಯಿತು. ದಾರ ತಲೆಯ ಮೇಲಿಂದ ಹೋಗಿ, ನೀರಿನ ಮೇಲೆ ನೇರವಾಗಿ ಮಲಗಿತು. ಅವಳು ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದುನಿಂತಳು. ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಸಮುದ್ರವಲ್ಲ, ಆ ಹಿನ್ನೀರು ಮತ್ತು ರೊಟ್ಟಿ ಹಿಡಿದು ನಿಂತ ಅವಳು.

ಫ್ಲೈ ಕಟ್ಟುವ ಕೆಲಸವನ್ನು ಅವಳು ಯಾರಿಗೂ ಬಿಡಲಿಲ್ಲ. "ಇದೇನು, ಕುಚ್ಚು ತಾನೆ?" ಎಂದಳು. ಐಮಂಗಲದ ಹತ್ತಿರ ಅವಳ ತವರು. ಅಲ್ಲಿ ಅವಳ ಅಣ್ಣನ ಮಂದೆಯಲ್ಲಿದ್ದ ಬಿಳಿ ಹೋತದ ಗಡ್ಡಕ್ಕೆ ಕತ್ತರಿ ಬಿತ್ತು. ಆ ಕೂದಲನ್ನು ದೊಡ್ಡ ಗಾಳದ ಮುಳ್ಳಿಗೆ ಸುತ್ತಿ, ಮೇಲೆ ರೇಷ್ಮೆ ಎಳೆ, ನಡುವೆ ಜರಿ. ನೀರಲ್ಲಿ ಎಳೆದಾಗ ಸಣ್ಣ ಮೀನು ಹೆದರಿ ಓಡುವಂತೆ ಕಾಣಬೇಕು. ಮೊದಲು ಕಟ್ಟಿದ್ದು ನೆನೆದು ಮುದ್ದೆಯಾಯಿತು. ರೇಷ್ಮೆ ಕಡಿಮೆ ಮಾಡಿ ಕೂದಲು ಹೆಚ್ಚು ಮಾಡಿದಳು. ಹಿನ್ನೀರಿನಲ್ಲಿ ಚಿಕ್ಕದೊಂದು ಕುಚ್ಚಿಗೆ ಜಿಲೇಬಿ ಮೀನು ಬಿದ್ದ ದಿನ ಅವಳು ಅಂಗಡಿಗೆ ಬಂದವರಿಗೆಲ್ಲ, "ನನ್ನ ಕುಚ್ಚನ್ನ ಮೀನೂ ಒಪ್ಕಂಡೈತೆ" ಎಂದು ಹೇಳಿಕೊಂಡಳು.

ದಸರಾ ಕಳೆದ ಮೇಲೆ ಮಲ್ಪೆಗೆ ಹೋಗುವುದೆಂದು ಆಯಿತು. ಮ್ಯಾನೇಜರು ತಮಗೆ ಗೊತ್ತಿದ್ದ ದೋಣಿಯವನಿಗೆ ಹೇಳಿಟ್ಟರು. ನಾವಿಬ್ಬರೂ ಅಲ್ಲಿಯ ತನಕ ಸಮುದ್ರ ಕಂಡವರಲ್ಲ. ಅವಳು ಆ ಮೂರು ಉಂಡೆಗಳಲ್ಲಿ ಹಸಿರಿಗೂ ಹೊನ್ನಿಗೂ ಹೊಸದಾಗಿ ಗಂಟು ಹಾಕಿ, ಮೂರನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ನೀಲಿಗೆ ಗಂಟು ಬ್ಯಾಡ, ಅದೊಂದು ನಿಮಗೆ ಕಾಣ್ತೈತೆ. ಮೀನು ಕೈಗೆ ಬಂದ ತಕ್ಷಣ ಎಳೆ ಹಾಸಿ ನೋಡ್ರಿ. ಸಾಯಕ್ಕೆ ಮುಂಚೆ."

"ನೀನೂ ಬರ್ತೀಯಲ್ಲ, ನೀನೇ ನೋಡು."

"ನಾನು ಸಿರಿಗೆರೆ ಬಸ್ಸಿನಾಗೇ ವಾಂತಿ ಮಾಡ್ಕಣೋಳು. ದೋಣೀಲಿ ತಲೆ ಎತ್ತದೇ ಇದ್ರೆ ಬಣ್ಣ ಯಾರು ನೋಡೋರು?"

ದಸರಾಕ್ಕೂ ಮುಂಚೆಯೇ, ಶ್ರಾವಣದಲ್ಲಿ, ಅವಳಿಗೆ ಹೊಟ್ಟೆನೋವು ಎಂದು ಶುರುವಾಯಿತು. ಹಿರಿಯೂರಿನ ಡಾಕ್ಟರು ಚಿತ್ರದುರ್ಗಕ್ಕೆ ಕಳಿಸಿದರು, ಚಿತ್ರದುರ್ಗದವರು ಇನ್ನೂ ದೊಡ್ಡ ಊರಿಗೆ. ರೋಗ ಒಳಗೊಳಗೇ ಬೆಳೆದು ಬಹಳ ಮುಂದೆ ಹೋಗಿತ್ತು, ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಒಮ್ಮೆ, ಆ ಕವರು ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು. ದೀಪಾವಳಿಗೆ ಅವಳು ಇರಲಿಲ್ಲ.

ಆ ವರ್ಷ ಕೋಲನ್ನು ಮುಟ್ಟಲಿಲ್ಲ. ಕುಚ್ಚಿನ ಕೆಲಸ ನಿಲ್ಲಿಸಿದೆ. ಪ್ಯಾಂಟು, ಸ್ಕೂಲ್ ಯೂನಿಫಾರ್ಮು ಇಷ್ಟೇ ಹೊಲಿದೆ. ಅವಳಿಲ್ಲದ ಮನೆಯಲ್ಲಿ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಗೊತ್ತಾಗುತ್ತಿರಲಿಲ್ಲ. ಮರುವರ್ಷ ಮಳೆ ನಿಂತ ಮೇಲೆ ಮ್ಯಾನೇಜರು ಫೋನು ಮಾಡಿ, "ದೋಣಿಗೆ ಹೇಳಿದ್ದೇನೆ. ಬರಬೇಕು," ಎಂದರು. ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ತಂದುಕೊಟ್ಟಿರಲಿಲ್ಲ. ಹೊಳಲ್ಕೆರೆಯಲ್ಲಿ ಗಂಡನ ಮನೆಯಲ್ಲಿರುವ ಮಗಳ ಹತ್ತಿರ ಇಳಿದು ಊಟ ಮಾಡಿಕೊಂಡು ಹೋದೆ. ಅವಳು ಚಟ್ನಿಪುಡಿ, ರೊಟ್ಟಿ ಕಟ್ಟಿಕೊಟ್ಟು, "ಅಪ್ಪಾ, ಅಮ್ಮನ ದಾರ ತಗಂಡಿದೀಯಾ?" ಎಂದು ಕೇಳಿದಳು. ಅಂಗಿಯ ಜೇಬು ಮುಟ್ಟಿ ತೋರಿಸಿದೆ.

ದೋಣಿ ಬಂದರು ಬಿಟ್ಟಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ವಾಂತಿ ಮಾಡಿಕೊಂಡದ್ದು ನಾನೇ. ಅವಳಿದ್ದಿದ್ದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದಳು. ದಡ ಕಣ್ಣಿಗೆ ಮರೆಯಾಗಿ ಎಷ್ಟೋ ಹೊತ್ತಾದ ಮೇಲೆ ನೀರು ನನಗೂ ಗೊತ್ತಾಗುವ ನೀಲಿಗೆ ತಿರುಗಿತು. ಅಲ್ಲಿ ಒಂದು ಮರದ ದಿಮ್ಮಿ, ಹರಿದ ಬಲೆ, ತೆಂಗಿನ ಗರಿ ಒಟ್ಟಾಗಿ ತೇಲುತ್ತಿದ್ದವು. ನಮ್ಮ ಕುರಿಗಳು ಮಧ್ಯಾಹ್ನ ಜಾಲಿ ನೆರಳಿಗೆ ಸೇರುವ ಹಾಗೆ ಆ ಮೀನುಗಳು ಅದರಡಿ ಸೇರಿರುತ್ತವೆ ಎಂದು ಮ್ಯಾನೇಜರು ಮೊದಲೇ ಹೇಳಿದ್ದರು. ದೋಣಿಯವನು ಇಂಜಿನ್ ನಿಲ್ಲಿಸಿ, ಒಂದು ಹಿಡಿ ಸಣ್ಣ ಮೀನು ಎರಚಿದ. ನೀರಿನ ಕೆಳಗೆ ಉದ್ದುದ್ದನೆಯ ನೆರಳುಗಳು ಓಡಿದವು.

ಅಲುಗಾಡುವ ದೋಣಿಯಲ್ಲಿ ನಿಂತು ಬೀಸುವುದು ಹಿನ್ನೀರಿನ ದಡದಂತಲ್ಲ. ಮೊದಲ ಸಲ ಕುಚ್ಚು ನನ್ನ ಬೆನ್ನಿಗೇ ಬಡಿಯಿತು. ಕತ್ತರಿ ನಿಲ್ಲಿಸಿದಂತೆ, ಕತ್ತರಿ ನಿಲ್ಲಿಸಿದಂತೆ ಎಂದು ಹೇಳಿಕೊಂಡು ಬೀಸಿದೆ. ದಿಮ್ಮಿಯ ಪಕ್ಕದಲ್ಲೇ ಬಿತ್ತು. ಎಡಗೈಯಲ್ಲಿ ದಾರವನ್ನು ಸರಸರ ಎಳೆದುಕೊಂಡೆ. ನೀರು ಸಿಡಿಯಿತು, ಮೀನು ಕುಚ್ಚನ್ನು ಬಾಯಲ್ಲಿ ಹಿಡಿಯಿತು, ನಾನು ಕೆರೆಯಲ್ಲಿ ಬೆಂಡು ಮುಳುಗಿದಾಗ ಮಾಡುವ ಹಾಗೆ ಕೋಲನ್ನು ಆಕಾಶಕ್ಕೆ ಎತ್ತಿಬಿಟ್ಟೆ. ಕುಚ್ಚು ಬಾಯಿಂದ ಕಳಚಿ ಬಂತು.

"ಎತ್ತಬೇಡಿ ಮಾರಾಯ್ರೆ! ಕೋಲು ನೀರಿನ ಕಡೆಗೇ ಇರಲಿ, ಎಡಗೈಯಲ್ಲಿ ದಾರ ಜಗ್ಗಿ!" ಎಂದು ಮ್ಯಾನೇಜರು ಕೂಗಿದರು.

ಮುಂದಿನ ಮೀನಿಗೆ ಜಗ್ಗಿದೆ. ಗಾಳ ನಾಟಿದ್ದು ಮೊಣಕೈವರೆಗೂ ತಿಳಿಯಿತು. ಅದು ಹಾರಿತು, ವಿಡಿಯೊದಲ್ಲಿ ಹಾರಿದಂತೆಯೇ. ಆಮೇಲೆ ರೀಲು ಕಿರುಚಿಕೊಂಡು ಬಿಚ್ಚತೊಡಗಿತು, ದಾರ ಬೆರಳು ಕೊಯ್ಯಿತು, ನಾನು ಏನೇನೋ ಬೈದೆ. ಮತ್ತೆ ಸುತ್ತುವುದು, ಮತ್ತೆ ಅದು ಓಡುವುದು. ತೋಳು ಸೋತು ನಡುಗುವಾಗ ಮೀನು ದೋಣಿಯ ಪಕ್ಕಕ್ಕೆ ಬಂದು ಮಗ್ಗುಲಾಯಿತು. ದೋಣಿಯವನು ಎತ್ತಲೆಂದು ಕಬ್ಬಿಣದ ಕೊಕ್ಕೆ ತೆಗೆದುಕೊಂಡ. ಬೇಡ, ನೀರಲ್ಲೇ ಹಿಡಿಯಪ್ಪ ಎಂದು ಕೂಗಿ, ಜೇಬಿನಿಂದ ಕವರು ತೆಗೆದೆ.

ಬಿಸಿಲು ನೆತ್ತಿಯ ಮೇಲಿತ್ತು. ಒದ್ದೆ ಮೈಯ ಮೇಲೆ ಮೂರು ಎಳೆ ಹಾಸಿದೆ. ನೀಲಿ ಸರಿಯಾಗಿತ್ತು, ರೆಕ್ಕೆಯ ಮೇಲೆ ಹಾಕಿದ ಎಳೆ ಕಾಣದೇ ಹೋಯಿತು. ಉಳಿದ ಎರಡು? ಮೀನಿನ ಮೈ ಹೊಳೆಯುತ್ತಿದೆ ಎಂಬುದಷ್ಟೇ ನನಗೆ ಕಾಣುತ್ತಿತ್ತು. ಅಷ್ಟು ಹತ್ತಿರ, ಕೈಯಡಿಯಲ್ಲೇ ಇತ್ತು, ಆದರೂ ಅವಳು ನೋಡಬೇಕೆಂದಿದ್ದು ನನಗೆ ಕಾಣಲಿಲ್ಲ. ಅಳು ಬಂತು. ದೋಣಿಯವನ ತೋಳು ಹಿಡಿದು ಕೇಳಿದೆ.

"ನೋಡಪ್ಪ, ಈ ಎರಡರಾಗೆ ಯಾವುದು ಈ ಮೀನಿನ ಬಣ್ಣ? ಸರಿಯಾಗಿ ನೋಡಿ ಹೇಳು."

ಅವನು ನನ್ನನ್ನು ಹುಚ್ಚನೆಂದೇ ತಿಳಿದಿರಬೇಕು. ಆದರೂ ಬಗ್ಗಿ ನೋಡಿದ. "ಇದು... ಈ ಹಸಿರು ಉಂಟಲ್ಲ, ಇದೇ. ಅಲ್ಲ, ತಡೀರಿ, ಈಗ ಚಿನ್ನ ಆಯ್ತು. ಇದು ಸರಿ. ಓಹೋ, ಮತ್ತೆ ಹಸಿರಾಯ್ತು ಮಾರಾಯ್ರೆ! ಎರಡೂ ಸರಿ. ಎಲ್ಲಿಂದ ತಂದಿರಿ ಈ ದಾರ?"

ಎರಡೂ ಸರಿ. ಫೋನು ಸುಳ್ಳು ಹೇಳಿರಲಿಲ್ಲ, ಅವಳ ಡಬ್ಬಿಯೂ ಸುಳ್ಳು ಹೇಳಿರಲಿಲ್ಲ. "ಐತೆ ಕಣೇ, ನಿನ್ನ ಡಬ್ಬೀಲೇ ಐತೆ," ಎಂದು ಸಮುದ್ರದ ಮಧ್ಯೆ ಜೋರಾಗಿ ಹೇಳಿದೆ. ಎಳೆಗಳನ್ನು ಒಂದೊಂದಾಗಿ ತೆಗೆದೆ, ಉಂಡೆ ಸುತ್ತಿ ಕವರಿಗೆ ಹಾಕಿದೆ. ಬಾಯಿ ಉಪ್ಪುಪ್ಪಾಗಿತ್ತು. ಮ್ಯಾನೇಜರು ಗಾಳ ಬಿಡಿಸಿದರು. ಬೂದಿಯಾಗುವ ಮುಂಚೆಯೇ ಮೀನು ನೀಲಿಯೊಳಗೆ ಇಳಿದುಹೋಯಿತು.

ಬಸ್ಸಿನಲ್ಲಿ ಘಾಟಿ ಹತ್ತುವ ಉದ್ದಕ್ಕೂ ಅವಳಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೆ. ಮೊದಲು ಸತಾಯಿಸಬೇಕು, ಯಾವ ದಾರವೂ ಸರಿಯಾಗಲಿಲ್ಲ ಎನ್ನಬೇಕು, ಮುಖ ಊದಿಸಿಕೊಂಡ ಮೇಲೆ ನಿಜ ಹೇಳಬೇಕು. ಹಿರಿಯೂರಿನಲ್ಲಿ ಇಳಿದು ಅಂಗಡಿಯ ಬೀಗ ತೆಗೆಯುವ ತನಕ ಈ ಆಟ ನಡೆಯಿತು. ಒಳಗೆ ಹೋಗಿ ಅವಳ ಡಬ್ಬಿ ತೆರೆದೆ. ಮೂರು ಖಾಲಿ ಗೂಡು ಇದ್ದವು. ನೀಲಿಯನ್ನು ಅದರ ಗೂಡಿಗೆ ಇಟ್ಟೆ. ಉಳಿದೆರಡರ ತುದಿ ಹುಡುಕಿ, ಬೆರಳಲ್ಲಿ ಗಂಟು ತಡವಿದೆ.

ಗಂಟು ಇರಲಿಲ್ಲ. ಎರಡರಲ್ಲೂ ಇರಲಿಲ್ಲ. ಆಗ ಬಾಯಿಯ ಉಪ್ಪು ನೆನಪಾಯಿತು. ಬಣ್ಣ ಸರಿ ಎಂದ ಕೂಡಲೇ, ಇಷ್ಟು ವರ್ಷ ಅಂಗಡಿಯಲ್ಲಿ ಮಾಡಿದಂತೆ, ತುದಿಯನ್ನು ಹಲ್ಲಲ್ಲಿ ಕಚ್ಚಿ ಸಮುದ್ರಕ್ಕೆ ಉಗಿದಿದ್ದೆ. ಅವಳ ಕೈ ಹಾಕಿದ ಕೊನೆಯ ಗಂಟುಗಳು ಅವು. ನನ್ನ ಮುಂದೆ ಒಂದೇ ಬಣ್ಣದ ಎರಡು ಉಂಡೆಗಳಿದ್ದವು.

ಸಂಜೆ ಮಗಳು ಫೋನು ಮಾಡಿದಾಗ ಹೇಳಿದೆ. "ಅಯ್ಯೋ, ಅಷ್ಟೇನಾ? ವಿಡಿಯೊ ಕಾಲ್ ಮಾಡಿ ತೋರ್ಸಪ್ಪಾ, ಯಾವುದು ಹಸಿರು ಅಂತ ಈಗ್ಲೇ ಹೇಳ್ತೀನಿ," ಎಂದಳು.

"ಫೋನಿನ ಬಣ್ಣ ನಂಬಕ್ಕಾಗಲ್ಲ ಕಣವ್ವ," ಎಂದೆ.

ಅವಳು ನಕ್ಕಳು. ನಡುವೆಯೇ ನಗು ನಿಂತುಹೋಯಿತು. "ಹಂಗಾರೆ ಭಾನುವಾರ ನಾನೇ ಬರ್ತೀನಿ. ಬಿಸಿಲಿಗೆ ಹಿಡಿದು ನೋಡಾಣ," ಎಂದಳು.

ಎರಡೂ ಉಂಡೆ ಈಗ ನನ್ನ ಹೆಂಡತಿಯ ಮಿಷಿನ್ನಿನ ಮೇಲೆ ಅಕ್ಕಪಕ್ಕ ಕೂತಿವೆ. ಭಾನುವಾರ ಬೇಗ ಬರಲಿ ಎಂದೂ ಅನಿಸುತ್ತದೆ, ಅವಳದಲ್ಲದ ಗಂಟು ಬೀಳುವ ಆ ದಿನ ಬಾರದೇ ಇರಲಿ ಎಂದೂ ಅನಿಸುತ್ತದೆ.